ಐಬಿಯಲ್ಲಿದ್ದ ಮೂರನೆಯ ಮಂತ್ರಿ

ಮಂತ್ರಿಗಳು ದಾವಣಗೆರೆಗೆ ಬಂದರೆಂದರೆ ಐದು ಜನವಾಗಿ ಬರುವುದು ಈಗ ರೂಢಿ. ಒಬ್ಬರು ಅಸಲಿ, ಉಳಿದ ನಾಲ್ಕು ಅಂದು ಬೆಳಿಗ್ಗೆಯಷ್ಟೇ ಎರಕ ಹೊಯ್ದ ಪಡಿಯಚ್ಚುಗಳು. ಗುಂಡು ಹಾರಿಸುವವನಿಗೆ ಗೊಂದಲವಾಗಲಿ ಎಂದು ಊರಿನ ನಾಲ್ಕು ಕಡೆ ಕೂರಿಸುತ್ತಾರೆ. ಸಮಾರಂಭ ಮುಗಿದೊಡನೆ ಅವು ಕರಗಿಹೋಗುತ್ತವೆ.

ಹೆಡ್ ಕಾನ್‌ಸ್ಟೆಬಲ್ ಹಾಲಮ್ಮನಿಗೆ ಈ ಸಲ ಐಬಿಯಲ್ಲಿ, ಅಂದರೆ ಸರ್ಕಾರಿ ಬಂಗಲೆಯಲ್ಲಿ, ಮೂರನೆಯದರ ಕಾವಲು. ಅದರ ಜೊತೆ ಮಾತಾಡಕೂಡದೆಂದು ಸಾಹೇಬರ ಆದೇಶ. ಆದರೆ ಮಧ್ಯಾಹ್ನದ ಹೊತ್ತು ಬಾಯಿ ಸುಮ್ಮನಿರಬೇಕಲ್ಲ!

"ಊಟ ಆತೇನ್ರಿ ಸರ್?"

ಅದು ಬೆರಗಾಗಿ ನೋಡಿತು. "ನಮಗೆ ಊಟ ಕೊಡಲ್ಲಮ್ಮ."

ಹಾಲಮ್ಮನಿಗೆ ತಡೆಯಲಿಲ್ಲ. ತನ್ನ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟಳು. ಮೊದಲ ತುತ್ತಿಗೇ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆದರೂ ಅವರು ಕೈ ನಿಲ್ಲಿಸಲಿಲ್ಲ.

ಮೈದಾನದ ಕಡೆಯಿಂದ ಮೈಕಿನಲ್ಲಿ ಸಮಾರಂಭ ಮುಗಿಸುವ ರಾಷ್ಟ್ರಗೀತೆ ಕೇಳಿಸಿತು. ಅವರ ಬೆರಳ ತುದಿಗಳು ಆಗಲೇ ಮಸುಕಾಗತೊಡಗಿದ್ದವು.

"ನಾನಿನ್ನು ಹೋಗ್ತೀನಮ್ಮ."

"ಅಯ್ಯ, ಹಂಗನ್ನಬಾರ್ದ್ರಿ! ಬರ್ತೀನಿ ಅನ್ರಿ."

"ನಾನು ಮತ್ತೆ ಬರೋದಿಲ್ಲವಲ್ಲ?"

"ಆದ್ರೂ ಹಂಗೇ ಅನ್ಬೇಕು. ಉಂಡ ಮನೀಂದ ಯಾರೂ ಹೋಗ್ತೀನಿ ಅನ್ನಲ್ಲ."

ಅವರು ನಕ್ಕರು. "ಬರ್ತೀನಮ್ಮ."

ಕುರ್ಚಿ ಖಾಲಿಯಾಯಿತು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅಷ್ಟರಲ್ಲಿ ವೈರ್‌ಲೆಸ್ ಗೊರಗುಟ್ಟಿ ಸಾಹೇಬರ ದನಿ ಬಂತು: "ಹಾಲಮ್ಮ, ಮೂರನೇದು ಹೋತಾ?"

"ಬರ್ತೀನಿ ಅಂತ ಹೇಳಿ ಹೋದ್ರು ಸರ್," ಎಂದಳು ಹಾಲಮ್ಮ.