ಒಂದು ತುತ್ತಿನ ದಾರಿ

ಡಾಕ್ಟರ್ ಕೋಕಿಲಾ ಜಗದಾಂಬೆಯ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಕೆಂಪಗಿರಬೇಕಾದ ಜಾಗ ತೊಳೆದಿಟ್ಟ ಅಕ್ಕಿಯ ಹಾಗೆ ಬೆಳ್ಳಗಿತ್ತು. ಬೆಳಿಗ್ಗೆ ರಾಜಾಜಿನಗರ ಮೂರನೇ ಬ್ಲಾಕಿನ ಬೀದಿ ನಲ್ಲಿಯಲ್ಲಿ ಬಿಂದಿಗೆ ತುಂಬಿ ಸೊಂಟಕ್ಕೇರಿಸುವಾಗ ಆಕೆ ಕುಸಿದು ಬಿದ್ದಿದ್ದಳು. ಗಂಡ ಏಕಾಂತಯ್ಯ ಮೇಷ್ಟ್ರು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿ ಬಂದಿದ್ದರು.

"ರಕ್ತ ತೀರಾ ಕಮ್ಮಿ ಇದೆ ಮೇಷ್ಟ್ರೇ. ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ. ಹೃದಯ ಪಾಪ, ಇರೋ ಅಷ್ಟನ್ನೇ ಓಡಿಸಿ ಓಡಿಸಿ ದಣಿದುಹೋಗಿದೆ. ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ಟಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು. ಇವರು ಏನು ಊಟ ಮಾಡ್ತಾರೆ?"

ಊಟದ ಮಾತು ಬಂದರೆ ಮೇಷ್ಟ್ರು ಸುಮ್ಮನಿರುವವರಲ್ಲ. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದಾರೆ. ಒಂದು ತುತ್ತು ಬಾಯಲ್ಲಿ ಎಂಜಲಿನ ಜೊತೆ ಬೆರೆತು, ಅನ್ನನಾಳದಲ್ಲಿ ಇಳಿದು, ಜಠರದಲ್ಲಿ ಅರೆದು, ಸಣ್ಣ ಕರುಳಿನಲ್ಲಿ ಅದರ ಸಾರವೆಲ್ಲ ರಕ್ತಕ್ಕೆ ಸೇರಿ, ಆ ರಕ್ತವನ್ನು ಹೃದಯ ಕಾಲಿನ ಕಿರುಬೆರಳಿನವರೆಗೂ ತಳ್ಳುವ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು. ಅವರ ಪಾಠ ಮುಗಿದರೆ ಹಸಿವಾಗುತ್ತದೆ ಎಂದು ಹೆಡ್ಮಾಸ್ಟರೇ ತಮಾಷೆ ಮಾಡುತ್ತಿದ್ದರು.

"ನಾವು ತಿನ್ನೋದನ್ನೇ ತಿಂತಾಳೆ ಡಾಕ್ಟ್ರೇ. ಮುದ್ದೆ, ಅನ್ನ, ಸೊಪ್ಪಿನ ಹುಳಿ. ಸೊಪ್ಪಲ್ಲಿ ಕಬ್ಬಿಣದಂಶ ಇರುತ್ತೆ ಅಂತ ವಾರಕ್ಕೆ ಮೂರು ದಿನ ನಾನೇ ತಂದುಕೊಡ್ತೀನಿ."

"ನೀವು ತರ್ತೀರಿ, ಸರಿ. ಇವರು ತಿನ್ನೋದನ್ನ ನೋಡಿದೀರಾ?"

ಮೇಷ್ಟ್ರು ನೆನಪು ಮಾಡಿಕೊಂಡರು. ಮದುವೆಯ ದಿನ, ಗಂಡು ಹೆಣ್ಣು ಒಟ್ಟಿಗೆ ಉಣ್ಣುವ ಭೂಮದ ಊಟಕ್ಕೆ ಜಗದಾಂಬೆ ತಲೆ ತಗ್ಗಿಸಿಕೊಂಡು ಪಕ್ಕದಲ್ಲಿ ಕೂತಿದ್ದಳು. ಅದೇ ಮೊದಲು, ಅದೇ ಕೊನೆ. ಆಮೇಲಿನ ಹದಿನಾರು ವರ್ಷ ಗಂಡ, ಮೂರು ಮಕ್ಕಳು ಉಂಡೆದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಉಣ್ಣುವುದು ಪದ್ಧತಿಯಾಗಿತ್ತು. "ಪಲ್ಯ ಇನ್ನೂ ಇದೆಯೇನೇ?" ಎಂದು ಇವರು ಕೇಳಿದರೆ "ಇದೆ, ಹಾಕ್ಕೊಳ್ಳಿ" ಎನ್ನುತ್ತಿದ್ದಳು. ಇಲ್ಲ ಎಂದು ಒಂದು ದಿನವೂ ಅಂದವಳಲ್ಲ. ಎದ್ದು ಹೋಗಿ ಪಾತ್ರೆಯ ತಳ ನೋಡಬೇಕೆಂದು ಈ ಮಹಾನುಭಾವರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಉಂಡು ಕೈ ತೊಳೆದು ರೇಡಿಯೋ ಮುಂದೆ ಕೂತಾಗಿರುತ್ತಿತ್ತು.

"ಬಳಪ, ಮಣ್ಣು, ಹಸಿ ಅಕ್ಕಿ, ಇಂಥದ್ದೇನಾದ್ರೂ ತಿಂತಿದ್ರಾ?" ಡಾಕ್ಟರು ಮತ್ತೆ ಕೇಳಿದರು.

ಮೇಷ್ಟ್ರ ಮುಖ ಸಣ್ಣಗಾಯಿತು. ಹೋದ ದೀಪಾವಳಿಯಲ್ಲಿ ಜಗದಾಂಬೆಯ ಸೆರಗಿನ ಗಂಟಿನಲ್ಲಿ ನಾಲ್ಕು ಬಳಪದ ಚೂರು ಸಿಕ್ಕಿದ್ದವು. ಬಂದಿದ್ದ ನೆಂಟರೆದುರಿಗೇ ಅವನ್ನು ಎತ್ತಿ ತೋರಿಸಿ, "ನಮ್ಮ ಮನೇಲಿ ಮಕ್ಕಳು ಬಳಪದಲ್ಲಿ ಬರೆದು ಕಲೀತಾರೆ, ಇವಳು ಅಗಿದು ಕಲೀತಾಳೆ" ಎಂದಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವಳೂ ನಕ್ಕು ಒಳಗೆ ಹೋಗಿದ್ದಳು. ಅವತ್ತೇ ಬಳಪದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬಳಪ ಜೀರ್ಣವಾಗುವುದಿಲ್ಲ ಎಂದು ಅರ್ಧ ಗಂಟೆ ಪಾಠವನ್ನೂ ಮಾಡಿದ್ದರು.

"ರಕ್ತ ಕಮ್ಮಿ ಆದೋರಿಗೆ ಹಾಗೆ ಆಸೆ ಆಗೋದುಂಟು. ಮೈಯೇ ಕೂಗಿ ಹೇಳ್ತಿರುತ್ತೆ, ನಮಗೆ ಕೇಳಿಸಲ್ಲ ಅಷ್ಟೆ" ಎಂದರು ಡಾಕ್ಟರು.

ಎಷ್ಟು ಓದಿದರೇನು, ನಾನೊಬ್ಬ ಶತದಡ್ಡ ಎನ್ನಿಸಿತು ಮೇಷ್ಟ್ರಿಗೆ. ಸರಸರ ಅಂಗಿಯ ತೋಳು ಮಡಿಸಿದರು. "ನನ್ನ ರಕ್ತ ತಗೊಳ್ಳಿ ಡಾಕ್ಟ್ರೇ. ಎಷ್ಟು ಬೇಕಾದ್ರೂ ತಗೊಳ್ಳಿ."

"ಗ್ರೂಪ್ ಹೊಂದಿದ್ರೆ ಒಂದು ಬಾಟ್ಲಿ ತಗೋತೀವಿ. ಅದು ಇವತ್ತಿಗಾಯ್ತು. ನಾಳೆಯಿಂದ ಅವರ ರಕ್ತ ಅವರ ಊಟದಿಂದ್ಲೇ ಆಗ್ಬೇಕು. ಎದುರಿಗೆ ಕೂರಿಸ್ಕೊಂಡು ತಿನ್ನಿಸಿ."

ಗ್ರೂಪ್ ಹೊಂದಿತು. ಮೇಷ್ಟ್ರದೊಂದು ಬಾಟ್ಲಿ, ಹೊರಗಿನಿಂದ ತಂದದ್ದೊಂದು. ಮೂರನೆಯ ದಿನ ಜಗದಾಂಬೆ ದಿಂಬಿಗೆ ಒರಗಿ ಕೂರುವಷ್ಟಾದಳು. ಮಧ್ಯಾಹ್ನ ಮೇಷ್ಟ್ರು ಕ್ಯಾರಿಯರ್ ಹಿಡಿದು ಬಂದರು. ನುಗ್ಗೆಸೊಪ್ಪನ್ನು ತಾವೇ ಬಿಡಿಸಿ, ಕೈ ಸುಟ್ಟುಕೊಂಡು ಪಲ್ಯ ಮಾಡಿದ್ದರು. ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಅವಳ ತೊಡೆಯ ಮೇಲೆ ತಟ್ಟೆ ಇಟ್ಟರು.

"ತಿನ್ನು."

"ನಿಮ್ದು ಆಯ್ತಾ?"

"ಆಮೇಲೆ ಆಗುತ್ತೆ."

"ಮಕ್ಕಳದ್ದು?"

"ಆಯ್ತು ಕಣೇ. ಇವತ್ತು ನೀನು ತಿನ್ನೋದನ್ನ ನಾನು ನೋಡ್ಬೇಕು."

ಜಗದಾಂಬೆ ಅನ್ನ ಕಲಸಿ ತುತ್ತು ಮಾಡಿದಳು. ಬಾಯಿಯವರೆಗೂ ತಂದು, ಗಂಡನ ಮುಖ ನೋಡಿ, ಮತ್ತೆ ತಟ್ಟೆಗಿಟ್ಟಳು. ಇನ್ನೊಮ್ಮೆ ಎತ್ತಿದಳು. ಮೇಷ್ಟ್ರು ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದರು. ಕೈ ಮತ್ತೆ ಕೆಳಗಿಳಿಯಿತು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಯಾಕೆ, ಹೊಟ್ಟೇಲಿ ಸಂಕಟಾನಾ? ಡಾಕ್ಟ್ರನ್ನ ಕರೀಲಾ?"

"ಅದಲ್ಲ." ಅವಳು ತಟ್ಟೆಗೆ ಸೆರಗು ಅಡ್ಡ ಹಿಡಿದುಕೊಂಡಳು. "ರೀ, ಒಂಚೂರು ಆಚೆ ನಿಂತ್ಕೋತೀರಾ? ನೀವು ನೋಡ್ತಾ ಇದ್ರೆ ಗಂಟಲಲ್ಲಿ ಇಳಿಯಲ್ಲ."