ಗೋಡೆಯ ಹಿಂದೆ

ಕಲ್ಲು ಕ್ವಾರಿಯ ಸ್ಫೋಟಕ್ಕೆ ಸಿಕ್ಕಿ ಭಾಗ್ಯಲತಾಳ ತಮ್ಮ ತನ್ನ ಹೆಸರನ್ನೇ ಮರೆತಿದ್ದ. "ಮೈಮೇಲೆ ಒಂದು ಗೀರೂ ಇಲ್ಲ, ಬರೀ ನಾಟಕ" ಎಂದಿದ್ದ ಕ್ವಾರಿಯ ಡಾಕ್ಟರು ಇವತ್ತು, ಸ್ಫೋಟದಿಂದ ಮಿದುಳಿಗಾಗುವ ಪೆಟ್ಟನ್ನು ಪರೀಕ್ಷಿಸುವ ಅವಳ ಲ್ಯಾಬಿಗೇ ಅತಿಥಿಯಾಗಿ ಬಂದಿದ್ದರು. ಅವರಿಗೆ ಅವಳ ಗುರುತು ಹತ್ತಲಿಲ್ಲ.

ಜೀವಂತವಾಗಿ ಕಾಪಾಡಿದ್ದ ಇಲಿಯ ಮಿದುಳಿನ ತೆಳು ಚೂರೊಂದನ್ನು ಅವಳು, ಸ್ಫೋಟದಂಥದೇ ಗಾಳಿಯ ಹೊಡೆತ ಹೊಮ್ಮಿಸುವ ಕೊಳವೆಯ ಬಾಯಿಗೆ ಇಟ್ಟಳು.

"ಗೋಡೆ ಹಿಂದೆ ಬನ್ನಿ ಡಾಕ್ಟ್ರೇ."

"ಇಷ್ಟಕ್ಕೆಲ್ಲ ಗೋಡೆ ಯಾಕಮ್ಮ? ಇಲ್ಲೇ ನಿಂತು ನೋಡ್ತೀನಿ."

ಅವಳು ಇನ್ನೊಂದು ಸಲ ಕರೆಯಲಿಲ್ಲ. ತಾನು ಮಾತ್ರ ಗೋಡೆಯ ಹಿಂದೆ ಹೋಗಿ ಗುಂಡಿ ಒತ್ತಿದಳು.

ಸದ್ದಡಗಿದ ಮೇಲೆ ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. "ಏನೂ ಆಗಿಲ್ವಲ್ಲ."

"ಈಗ ಕಾಣಲ್ಲ. ನಾಳೆಯಿಂದ ಒಳಗೊಳಗೇ ಸಾಯುತ್ತೆ."

ನಗುತ್ತ ಮೇಲೆದ್ದವರು ತಟ್ಟನೆ ಮೇಜು ಹಿಡಿದುಕೊಂಡರು. "ಯಾಕೋ ತಲೆ ಗುಂಯ್ ಅಂತಿದೆ."

ಭಾಗ್ಯಲತಾ ಅವರನ್ನು ಮುಡಿಯಿಂದ ಅಡಿಯವರೆಗೆ ನಿಧಾನವಾಗಿ ನೋಡಿದಳು.

"ಮೈಮೇಲೆ ಒಂದು ಗೀರೂ ಇಲ್ವಲ್ಲ ಡಾಕ್ಟ್ರೇ."