ಏಳನೇ ವರ್ಷದ ಇಳಿತ

ಇದು ಕದ್ದ ಮಾಲು ಎಂದು ಮ್ಯಾನೇಜರಿಗೆ ಎರಡನೇ ಪುಟದಲ್ಲೇ ವಾಸನೆ ಬಡಿಯಿತು. ಶೇಕಡಾ ಹದಿನಾಲ್ಕು, ಹದಿನೆಂಟು, ಇಪ್ಪತ್ತೆರಡು. ವರ್ಷದಿಂದ ವರ್ಷಕ್ಕೆ ವ್ಯಾಪಾರ ಹೀಗೆ ಏರುತ್ತದೆ ಎಂದು ಬರೆದ ಈ ಅಂಕಿಗಳನ್ನು ಅವರು ಹಿಂದೆಲ್ಲೋ ನೋಡಿದ್ದರು.

ಎದುರಿನ ಕುರ್ಚಿಯಲ್ಲಿದ್ದ ಹೆಂಗಸಿಗೆ ಆಮ್ಲಜನಕದ ಸಿಲಿಂಡರ್ ಬಾಡಿಗೆಗೆ ಕೊಡುವ ಅಂಗಡಿ ತೆರೆಯಲು ಸಾಲ ಬೇಕಿತ್ತು. ಮನೆಯಲ್ಲಿ ಅವಳ ಗಂಡ ಸಿಲಿಂಡರಿನಿಂದಲೇ ಉಸಿರಾಡುತ್ತಿದ್ದ. ಅದು ಬರಬೇಕಾದದ್ದು ಮೂರು ತಾಸಿನ ದಾರಿಯ ಪಟ್ಟಣದಿಂದ. ಲಾರಿ ಒಂದು ದಿನ ತಪ್ಪಿದರೆ ಅವನ ಕಥೆ ಮುಗಿದಂತೆ.

ಅವಳು ತಂದ ಕಾಗದಗಳ ಮೇಲೆ ಬೂದುಬಣ್ಣದ ಪುಡಿ ಕೂತಿತ್ತು. ಮ್ಯಾನೇಜರು ಮುಖ ಕಿವುಚಿ, ಊದಿ, ಕೆಂಪು ಪೆನ್ನು ತೆಗೆದರು. ಬ್ಯಾಂಕಿನಲ್ಲಿ ಅವರಿಗೆ 'ಕತ್ತರಿ' ಎಂಬ ಅಡ್ಡಹೆಸರು. ಯಾರ ಅಂದಾಜುಪಟ್ಟಿ ಬಂದರೂ ಖರ್ಚುಗಳನ್ನು ಕತ್ತರಿಸಿ, ಲಾಭ ಎದ್ದು ಕಾಣುವಂತೆ ಮಾಡಿ ಮೇಲಿನ ಕಚೇರಿಗೆ ಕಳಿಸುವುದು ಅವರ ಪದ್ಧತಿ. ಇಪ್ಪತ್ತು ವರ್ಷಗಳಲ್ಲಿ ಅವರು ಕೊಟ್ಟ ಒಂದು ಸಾಲವೂ ಮುಳುಗಿರಲಿಲ್ಲ. ಇದನ್ನವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

"ಹತ್ತು ಸಿಲಿಂಡರ್ ಯಾವಾಗಲೂ ತುಂಬಿಸಿಟ್ಟಿರಬೇಕು ಅಂತ ಬರೆದಿದ್ದೀರಿ. ಯಾಕಮ್ಮ?"

"ಹೊತ್ತಲ್ಲದ ಹೊತ್ತಲ್ಲಿ ಯಾರಾದ್ರೂ ಓಡಿ ಬಂದ್ರೆ ಇಲ್ಲ ಅನ್ನೋಕಾಗಲ್ಲ ಸಾರ್."

"ದುಡ್ಡು ಸುಮ್ನೆ ಮೂಲೆಯಲ್ಲಿ ಕೂತಿರತ್ತೆ." ಸರ್ರನೆ ಗೆರೆ ಎಳೆದರು. ಅವಳು ಆ ಗೆರೆಯನ್ನೇ ನೋಡುತ್ತ ಕುಳಿತಳು.

"ಸರಿ, ಇಷ್ಟೊಂದು ಗಿರಾಕಿಗಳು ಎಲ್ಲಿಂದ ಬರ್ತಾರೆ?"

"ನಮ್ಮ ಬೀದಿಯಿಂದಲೇ ಸಾರ್."

"ಆರು ವರ್ಷ ಏರಿದ್ದು ಏಳನೇ ವರ್ಷ ದೊಪ್ಪಂತ ಬೀಳತ್ತಲ್ಲ! ತನ್ನ ವ್ಯಾಪಾರ ಬೀಳತ್ತೆ ಅಂತ ಯಾರಾದ್ರೂ ತಾವೇ ಬರೀತಾರೇನಮ್ಮ?"

"ಅಷ್ಟೊತ್ತಿಗೆ ಎಲ್ಲ ಮುಗಿದಿರತ್ತೆ ಸಾರ್."

ಏಳನೇ ವರ್ಷದ ಇಳಿತ! ಈ ಅಂಕಿಗಳನ್ನು ಎಲ್ಲಿ ನೋಡಿದ್ದೆಂದು ಮ್ಯಾನೇಜರಿಗೆ ಥಟ್ಟನೆ ಹೊಳೆಯಿತು. ಹೋದ ವರ್ಷ ಒಬ್ಬ ದಲ್ಲಾಳಿ ಹಾಸ್ಟೆಲಿನ ಲೆಕ್ಕವನ್ನೇ ಕೋಳಿ ಫಾರಮ್ಮಿಗೆ ಅಂಟಿಸಿ ತಂದಿದ್ದ. ಕೋಳಿಗಳಿಗೆ ಹಾಸಿಗೆ, ದಿಂಬಿನ ಖರ್ಚೂ ಅದರಲ್ಲಿತ್ತು. ಇವಳೂ ಅದೇ ಜಾತಿ. ಅವರಿಗೆ ಒಳಗೊಳಗೇ ಖುಷಿಯಾಯಿತು. ಎದ್ದು ಬೀರು ತೆರೆದು ಹಳೆಯ ಕಡತವೊಂದನ್ನು ಎಳೆದು, ಎರಡೂ ಪಟ್ಟಿಗಳನ್ನು ಅವಳ ಮುಂದೆ ಪಕ್ಕಪಕ್ಕದಲ್ಲಿ ಹರಡಿದರು.

ಅಂಕಿಗೆ ಅಂಕಿ ಒಂದೇ.

"ಇದು ನಾಲ್ಕು ವರ್ಷದ ಹಿಂದೆ ನಾನೇ ಸಾಲ ಕೊಟ್ಟ ಜಲ್ಲಿ ಕ್ರಷರಿನ ಲೆಕ್ಕ! ಏಳನೇ ವರ್ಷ ಗುಡ್ಡದ ಕಲ್ಲು ಮುಗಿಯತ್ತೆ, ಅದಕ್ಕೆ ಇಳಿತ. ನೀವು ಇಸವಿ ಒಂದನ್ನ ತಿದ್ದಿ ನನ್ನ ಕಣ್ಣಿಗೇ ಮಣ್ಣೆರಚೋಕೆ ಬಂದಿದ್ದೀರಿ!"

"ಕದ್ದಿಲ್ಲ ಸಾರ್." ಅವಳ ದನಿ ಏರಲಿಲ್ಲ. "ಆ ಪಟ್ಟಿ ಬರೆದಿದ್ದೇ ನಮ್ಮನೆಯವರು. ಕ್ರಷರಿನಲ್ಲಿ ಗುಮಾಸ್ತರಾಗಿದ್ದರು. ಜಲ್ಲಿ ಎಷ್ಟು ಹೆಚ್ಚತ್ತೋ ನಮ್ಮ ಬೀದಿಯಲ್ಲಿ ಕೆಮ್ಮೂ ಅಷ್ಟೇ ಹೆಚ್ಚತ್ತೆ. ಧೂಳು ಎದೆಗಿಳಿಯೋಕೆ ನಾಲ್ಕು ವರ್ಷ ಬೇಕು. ಅದಕ್ಕೇ ಇಸವಿ ನಾಲ್ಕು ವರ್ಷ ಮುಂದಕ್ಕೆ ಹಾಕಿದೆ."

ಮ್ಯಾನೇಜರು ಎರಡೂ ಪಟ್ಟಿಗಳ ಇಸವಿಗಳನ್ನು ಮತ್ತೊಮ್ಮೆ ಹೋಲಿಸಿ ನೋಡಿದರು. ಬೂದುಬಣ್ಣದ ಪುಡಿ ಇನ್ನೂ ಮೇಜಿನ ಅಂಚಿನಲ್ಲಿತ್ತು.

"ನನ್ನ ಪಟ್ಟಿಯಲ್ಲಿರೋದು ಒಂದೇ ಊಹೆ ಸಾರ್, ಧೂಳು ಹೀಗೇ ಏಳ್ತಿರತ್ತೆ ಅನ್ನೋದು. ಅದೂ ನನ್ನದಲ್ಲ. ಅದು ಸುಳ್ಳಾಗಿದ್ದಿದ್ರೆ ನನಗೆ ಈ ಅಂಗಡಿಯೇ ಬೇಕಿರಲಿಲ್ಲ." ಅವಳು ಕ್ರಷರಿನ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು.

'ಧೂಳು ಏಳದಂತೆ ನೀರು ಸಿಂಪಡಿಸುವ ವೆಚ್ಚ' ಎಂಬ ಆ ಸಾಲಿನ ಮೇಲೆ ಕೆಂಪು ಗೆರೆಯೊಂದಿತ್ತು, ಪಕ್ಕದಲ್ಲಿ ಮ್ಯಾನೇಜರದೇ ದುಂಡನೆಯ ಅಕ್ಷರ: "ಬೇಡದ ಖರ್ಚು."